ಭಾರತ ಸೋತರೆ ಅಮ್ಮನಿಗೆ ಫೈನಲ್

"ಅಮ್ಮಾ, ನೀನು ಇಂಡಿಯಾ ಟೀಮಾ?"

ಸೂಟ್‌ಕೇಸ್ ಮೇಲೆ ಕೂತು ನನಗೆ ಜಿಪ್ ಹಾಕಲು ಸಹಾಯ ಮಾಡುತ್ತಿದ್ದ ಮಗಳ ಪ್ರಶ್ನೆ. ಆರು ವರ್ಷ ಅವಳಿಗೆ.

"ಅಲ್ಲ ಪುಟ್ಟಾ."

"ಹಂಗಾದ್ರೆ ನೇಪಾಳನಾ?"

"ಅದೂ ಅಲ್ಲ. ನಾನು ಯಾರ ಟೀಮೂ ಅಲ್ಲ. ಗೆರೆ ಪಕ್ಕ ಬಾವುಟ ಹಿಡ್ಕೊಂಡು ಓಡ್ತೀನಿ."

"ಅದಕ್ಕೆ ಅಷ್ಟು ದೂರ ಹೋಗ್ಬೇಕಾ?"

ಅಡುಗೆಮನೆಯಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಅವರ ಪ್ರಶ್ನೆಯೂ ಅದೇ, ಅವರು ಕೇಳಿರಲಿಲ್ಲ ಅಷ್ಟೆ.

ಇದು 2022ರ ಸೆಪ್ಟೆಂಬರ್ ಮಾತು. ಕಠ್ಮಂಡುವಿನಲ್ಲಿ ಸ್ಯಾಫ್ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಶಿಪ್. ದಕ್ಷಿಣ ಏಷ್ಯಾದ ಏಳು ದೇಶ, ಎರಡು ಗುಂಪು, ಒಟ್ಟು 12 ಪಂದ್ಯ. ನಾನು ಅಸಿಸ್ಟೆಂಟ್ ರೆಫರಿ. ನಮ್ಮ ಕಡೆ ಇನ್ನೂ "ಲೈನ್ಸ್‌ಮನ್" ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಅಶೋಕನಗರದ ಸ್ಟೇಡಿಯಂನಲ್ಲಿ ಲೀಗ್ ಪಂದ್ಯ ಇದ್ದರೆ "ಲೈನ್‌ಮನ್ ಮೇಡಂ, ಕಣ್ಣು ಬಿಡಿ!" ಅಂತ ಕೂಗುತ್ತಾರೆ. ಮನ್ನೂ ನಾನೇ, ಮೇಡಮ್ಮೂ ನಾನೇ.

ಯಾವ ಯಾವ ಪಂದ್ಯದಲ್ಲಿ ಗೆರೆ ಮೇಲೆ ನಿಂತೆ ಅಂತ ಬರೆಯುವುದಿಲ್ಲ. ಮಾಡಿಸಿದ ಪಂದ್ಯದ ಬಗ್ಗೆ ಹೊರಗೆ ಮಾತಾಡಬಾರದು ಅನ್ನುವುದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ. ಉಳಿದದ್ದು ಬರೆಯಬಹುದು ಅಂದುಕೊಂಡಿದ್ದೇನೆ.

ಹೋಗುವುದೇ ಅನುಮಾನ ಆಗಿತ್ತು. ಆಗಸ್ಟ್ 15ರಂದು ಫೀಫಾ ನಮ್ಮ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವನ್ನು ಅಮಾನತು ಮಾಡಿತು. ತಂಡ ಹೊರಗೆ ಆಡೋ ಹಾಗಿಲ್ಲ ಅಂದಮೇಲೆ ನಮ್ಮ ಗತಿ ಏನು? ಕೇಳಿದರೆ ಯಾರಿಗೂ ಗೊತ್ತಿಲ್ಲ. ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. ಓಓಡಿ, ಅಂದರೆ ಬೇರೆ ಕರ್ತವ್ಯದ ಮೇಲೆ ಹೋಗೋಕೆ ಅನುಮತಿ ಕೇಳೋ ಅರ್ಜಿ ಕೊಟ್ಟು ತಿಂಗಳಾಗಿತ್ತು. ಅದನ್ನು ವಾಪಸ್ ತಗೋಬೇಕಾ, ಸುಮ್ನೆ ಇರಬೇಕಾ ತಿಳಿಯಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓಡೋದು ಮಾತ್ರ ಬಿಡಲಿಲ್ಲ. 26ಕ್ಕೆ ಅಮಾನತು ತೆಗೆದರು. ಮುಂದಿನ ವಾರವೇ ಗೌರಿ-ಗಣೇಶ. ಕಡುಬು ತಿನ್ನಬೇಡ, ತೂಕ ನೋಡ್ತಾರೆ ಅಂತ ನನಗೆ ನಾನೇ ಹೇಳಿಕೊಂಡು ನಾಲ್ಕು ತಿಂದೆ.

ಹೊರಡುವ ಹಿಂದಿನ ರಾತ್ರಿ ತಾಳಿ ಬಿಚ್ಚಿ ಪರ್ಸಿನ ಒಳಜೇಬಿಗೆ ಹಾಕುವುದನ್ನು ಅತ್ತೆ ನೋಡಿದರು. ಪ್ರತಿ ಪಂದ್ಯಕ್ಕೂ ಬಿಚ್ಚುತ್ತೇನೆ, ಅವರಿಗೂ ಗೊತ್ತು. ಆಡುವವರು ಒಡವೆ ಹಾಕೋ ಹಾಗಿಲ್ಲ, ಆಡಿಸುವವರೂ ಹಾಕೋ ಹಾಗಿಲ್ಲ. ಗಡಿಯಾರ ಒಂದು ಬಿಟ್ಟು. ಆದರೆ ಎರಡೂವರೆ ವಾರ ಅಂದರೆ ಬೇರೆ.

"ಏನಮ್ಮಾ, ಅಲ್ಲಿ ಹೋಗಿ ಬಿಚ್ಚಿದ್ರೆ ಆಗಲ್ವಾ?" ಅಂದರು.

ಏರ್‌ಪೋರ್ಟ್‌ವರೆಗೆ ಹಾಕಿಕೊಂಡು ಹೋದೆ. ವಿಮಾನದಲ್ಲಿ ಬಿಚ್ಚಿದೆ. ಪರ್ಸಿನಲ್ಲಿ ಅದರ ಜೊತೆಗೆ ನೂರರ ನೋಟಿನ ಒಂದು ಕಟ್ಟು ಇತ್ತು. ನೇಪಾಳದಲ್ಲಿ ಆಗ ನಮ್ಮ ಐನೂರರ ನೋಟು ನಡೆಯುತ್ತಿರಲಿಲ್ಲ, ಅದಕ್ಕೆ.

ಇಳಿದ ಮೇಲೆ ಮೊದಲ ಕೆಲಸ ಗಡಿಯಾರ ತಿದ್ದೋದು. ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ. ಕರೆಕ್ಟಾಗಿ ಒಂದು ಹಾಫ್‌ಟೈಮ್. ನಾನು ಎರಡು ಗಡಿಯಾರ ಕಟ್ಟುತ್ತೇನೆ, ಎರಡನ್ನೂ ತಿದ್ದಿದೆ. ಮನೆಗೆ ಫೋನ್ ಮಾಡುವಾಗ ಮಾತ್ರ ಕೊನೇ ದಿನದವರೆಗೂ ಲೆಕ್ಕ ತಪ್ಪಿತು.

ರೆಫರಿಗಳಿಗೆ ಬೇರೆ ಹೋಟೆಲ್. ತಂಡಗಳು ಇರುವ ಕಡೆ ನಾವಿಲ್ಲ, ನಾವಿರುವ ಕಡೆ ತಂಡಗಳಿಲ್ಲ. ನನ್ನ ರೂಮಿಗೆ ಕೊಲಂಬೊ ಕಡೆಯ ಹುಡುಗಿ ಬಂದಳು. ನಾನು ಚಟ್ನಿಪುಡಿ ಡಬ್ಬಿ ತೆಗೆದರೆ ಅವಳು ಒಣಮೀನಿನ ಸಂಬಲ್ ತೆಗೆದಳು. ಹೋಟೆಲಿನ ದಾಲ್-ಭಾತ್ ಮೂರನೇ ದಿನಕ್ಕೆ ಸಪ್ಪೆ ಅನ್ನಿಸಿದಾಗ ಎರಡೂ ಡಬ್ಬಿ ಊಟದ ಟೇಬಲ್ಲಿಗೆ ಬಂದವು. ಐದನೇ ದಿನ ಚಟ್ನಿಪುಡಿ ಮುಗಿದುಹೋಯಿತು. ತಿಂದವಳು ನಾನಲ್ಲ.

ಬಂದ ಎರಡನೇ ದಿನ ಫಿಟ್‌ನೆಸ್ ಟೆಸ್ಟ್. ಹೊರಗಿನವರಿಗೆ ಗೊತ್ತಿರಲ್ಲ, ನಮಗೆ ಅದೇ ನಿಜವಾದ ಪಂದ್ಯ. ಪಾಸಾಗದಿದ್ದರೆ ಗೆರೆ ಮುಟ್ಟೋ ಹಾಗಿಲ್ಲ. ಅಸಿಸ್ಟೆಂಟ್‌ಗಳಿಗೆ ಮೊದಲು ಬರುವುದು ದಿಕ್ಕು ಬದಲಿಸುವ ಓಟ. ಹತ್ತು ಮೀಟರ್ ಮುಂದಕ್ಕೆ, ಎಂಟು ಮೀಟರ್ ಅಡ್ಡಡ್ಡ, ಮತ್ತೆ ಎಂಟು ಮೀಟರ್ ಇನ್ನೊಂದು ಅಡ್ಡ, ಹತ್ತು ಮೀಟರ್ ವಾಪಸ್. ಹೆಂಗಸರಿಗೆ 11 ಸೆಕೆಂಡ್. ಏಡಿ ಓಡೋ ಥರ ಇರುತ್ತೆ ನೋಡೋಕೆ. ಆಮೇಲೆ 30 ಮೀಟರ್‌ನ ಐದು ಸ್ಪ್ರಿಂಟ್. ಕೊನೆಗೆ 75 ಮೀಟರ್ ಓಟ, 25 ಮೀಟರ್ ನಡಿಗೆ, ಹೀಗೆ 40 ಸಲ. ನಾಲ್ಕು ಕಿಲೋಮೀಟರ್. ಬೀಪ್ ಹೊಡೆದಾಗ ಓಡಬೇಕು, ಬೀಪ್ ಹೊಡೆಯುವುದರೊಳಗೆ ಮುಟ್ಟಬೇಕು.

ಬೆಂಗಳೂರು ಎತ್ತರದ ಊರು ಅಂತ ನಾವು ಹೆಮ್ಮೆಪಡುತ್ತೇವೆ ಅಲ್ವಾ, ಕಠ್ಮಂಡು ಅದಕ್ಕಿಂತ ಸುಮಾರು 400 ಮೀಟರ್ ಮೇಲಿದೆ. ಇಪ್ಪತ್ತೈದನೇ ಓಟದ ಹೊತ್ತಿಗೆ ಬಾಯಲ್ಲಿ ಕಬ್ಬಿಣದ ರುಚಿ. ನನ್ನ ಮುಂದೆ ಓಡುತ್ತಿದ್ದವಳ ಜಡೆ ಎಡಕ್ಕೆ ಬಲಕ್ಕೆ ಬಡಿಯುತ್ತಿತ್ತು. ಅದನ್ನೇ ನೋಡಿಕೊಂಡು ಓಡಿದೆ. ಎಣಿಸಲಿಲ್ಲ. ಎಣಿಸಿದರೆ ಕಾಲು ಕೇಳಲ್ಲ. ಅವತ್ತು ನನಗೆ ತಿಂಗಳಿನ ಎರಡನೇ ದಿನ ಬೇರೆ. ಟೆಸ್ಟ್ ತಾರೀಖು ಅದಕ್ಕೆಲ್ಲ ಕಾಯಲ್ಲ. ಮುಗಿದ ಮೇಲೆ ಹುಲ್ಲಿನ ಮೇಲೆ ಮಲಗಿ ಸುತ್ತ ನೋಡಿದರೆ ಇನ್ನಿಬ್ಬರು ಹೊಟ್ಟೆ ಹಿಡಿದುಕೊಂಡಿದ್ದರು. ಯಾರೂ ಏನೂ ಕೇಳಲಿಲ್ಲ. ಒಬ್ಬಳು ಬ್ಯಾಗಿನಿಂದ ಮಾತ್ರೆ ತೆಗೆದು ಕೊಟ್ಟಳು.

ಅದೇ ದಿನಗಳಲ್ಲಿ ಬೆಂಗಳೂರಲ್ಲಿ ಆ ಮಳೆ. ಹೊರವರ್ತುಲ ರಸ್ತೆಯೆಲ್ಲ ಕೆರೆ. ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗೋ ಫೋಟೊ ನಮ್ಮ ಮನೆಯವರು ಕಳಿಸಿದರು. "ನೀನು ಅಲ್ಲಿ ಓಡ್ತಿದ್ದೀಯ, ನಾವಿಲ್ಲಿ ಈಜ್ತಿದ್ದೀವಿ" ಅಂತ ಕೆಳಗೆ ಬರೆದಿದ್ದರು.

ಪಂದ್ಯದ ದಿನ ಹೇಗಿರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಜಾಸ್ತಿ ಹೊತ್ತು ಕಾಯೋದೇ. ಪಂದ್ಯ ಶುರುವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆ ದಶರಥ ರಂಗಶಾಲೆಗೆ ಹೋಗಬೇಕು. ತ್ರಿಪುರೇಶ್ವರದಲ್ಲಿರುವ ಹಳೇ ಸ್ಟೇಡಿಯಂ ಅದು, 2015ರ ಭೂಕಂಪದಲ್ಲಿ ಪೆಟ್ಟು ತಿಂದು ಮತ್ತೆ ಎದ್ದದ್ದು. 1988ರಲ್ಲಿ ಆಲಿಕಲ್ಲು ಮಳೆಗೆ ಜನ ಓಡಿ, ಬಾಗಿಲು ಮುಚ್ಚಿದ್ದರಿಂದ 70ಕ್ಕೂ ಹೆಚ್ಚು ಮಂದಿ ಕಾಲ್ತುಳಿತಕ್ಕೆ ಸಿಕ್ಕು ಸತ್ತದ್ದು ಅಲ್ಲೇ. ಮೋಡ ಕಪ್ಪಾದಾಗಲೆಲ್ಲ ನಾನು ಗೇಟುಗಳ ಕಡೆ ನೋಡುತ್ತಿದ್ದೆ.

ಗೋಲಿನ ಬಲೆ ಎಳೆದು ನೋಡಬೇಕು. ಕಾರ್ನರ್ ಬಾವುಟ ಅಲ್ಲಾಡಿಸಿ ನೋಡಬೇಕು. ಆಮೇಲೆ ಸುರಂಗದಲ್ಲಿ ಆಟಗಾರ್ತಿಯರ ತಪಾಸಣೆ. ಬೂಟಿನ ಸ್ಟಡ್, ಶಿನ್‌ಗಾರ್ಡ್, ಒಡವೆ. ದಕ್ಷಿಣ ಏಷ್ಯಾದ ಹುಡುಗಿಯರು ಅಂದಮೇಲೆ ಮೂಗುತಿ ಇದ್ದೇ ಇರುತ್ತೆ. ಮೊದಲೆಲ್ಲ ಟೇಪ್ ಸುತ್ತಿ ಬಿಡುತ್ತಿದ್ದರಂತೆ. ಈಗ ನಿಯಮ ಖಡಾಖಂಡಿತ. ಟೇಪ್ ಹಾಕಿದರೂ ನಡೆಯಲ್ಲ, ತೆಗೀಲೇಬೇಕು.

ಒಬ್ಬಳದ್ದು ಬರಲೇ ಇಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಹಿಂದಿನ ತಿರುಪು ಚರ್ಮಕ್ಕೆ ಅಂಟಿಕೊಂಡಿತ್ತು. ಸುರಂಗದಲ್ಲಿ ಎರಡೂ ತಂಡ ಸಾಲಾಗಿ ನಿಂತಿದೆ, ಹೊರಗೆ ಧ್ವನಿವರ್ಧಕ ಕೂಗುತ್ತಿದೆ, ಇವಳ ಕಣ್ಣಲ್ಲಿ ನೀರು. ನೋವಿಗೋ ಗಾಬರಿಗೋ. ನಾನು ಟಾಯ್ಲೆಟ್ಟಿನಿಂದ ಸೋಪಿನ ನೊರೆ ತಂದೆ. ಹುಬ್ಬಿನ ಹತ್ತಿರ ಒಂದು ಕೈ ಇಟ್ಟು, ನಮ್ಮಮ್ಮ ನನಗೆ ಮಾಡುತ್ತಿದ್ದ ಹಾಗೆ, ಒಳಗಿಂದ ಉಗುರಲ್ಲಿ ಒತ್ತಿ ತಿರುಗಿಸಿದೆ. ಬಂತು. ಅಕ್ಕಿಕಾಳಿಗಿಂತ ಚಿಕ್ಕ ಹರಳು. ಅವಳಿಗೆ ಜೇಬಿಲ್ಲ, ಅವರ ಮ್ಯಾನೇಜರ್ ಎಲ್ಲೋ ದೂರ. "ದೀದಿ, ನೀವೇ ಇಟ್ಟುಕೊಳ್ಳಿ" ಅಂದಳು. ನಾನು ಇಟ್ಟುಕೊಳ್ಳೋ ಹಾಗಿಲ್ಲ. ಇಟ್ಟುಕೊಂಡರೆ ಯಾರಾದರೂ ಏನಾದರೂ ಅಂದರೆ? ಕೊನೆಗೆ ಬದಲಿ ಗೋಲ್‌ಕೀಪರ್ ಗ್ಲೌಸಿನೊಳಗೆ ಹಾಕಿಕೊಂಡಳು. ಅರ್ಧ ನಿಮಿಷದ ಮೇಲೆ ಅದೇ ಹುಡುಗಿಯನ್ನು ಆಫ್‌ಸೈಡ್ ಅಂತ, ಅಂದರೆ ಪಾಸ್ ಬರುವಾಗ ಡಿಫೆಂಡರ್‌ಗಳ ಸಾಲು ದಾಟಿ ಮುಂದೆ ನಿಂತಿದ್ದಾಳೆ ಅಂತ, ನಿಲ್ಲಿಸಬೇಕಾದವಳು ನಾನೇ. ಮುಖ ಗಂಟು ಹಾಕಿಕೊಂಡು ಗೆರೆಗೆ ಹೋದೆ.

ಕಿವಿಯಲ್ಲಿ ಹೆಡ್‌ಸೆಟ್. ನಾಲ್ಕೂ ಜನ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಅಂತ ನಾವೇ ಮಾಡಿಕೊಂಡ ಕಟ್ಟು. ಹಿಂದಿ ಸುಮಾರು ಜನಕ್ಕೆ ಬರುತ್ತೆ, ಅದಕ್ಕೇ ಬೇಡ ಅಂತ. ಪಕ್ಕದಲ್ಲಿ ನಿಂತವರಿಗೂ ಅರ್ಥ ಆಗುತ್ತಲ್ಲ. ಮೊದಲ ಪಂದ್ಯದ ಇಪ್ಪತ್ತನೇ ನಿಮಿಷ ಒಂದು ಉದ್ದನೆಯ ಪಾಸ್ ಬಂತು, ಎಲ್ಲರೂ ಕೈ ಎತ್ತಿ ನಿಂತರು, ಫಾರ್ವರ್ಡ್ ಒಬ್ಬಳು ಸರಿಯಾಗಿ ಡಿಫೆಂಡರ್ ಸಾಲಲ್ಲೇ ಇದ್ದಳು. ನನ್ನ ಬಾಯಲ್ಲಿ ಬಂದದ್ದು: "ಇಲ್ಲ ಇಲ್ಲ ಇಲ್ಲ, ಆಡ್ಲಿ!"

ರೆಫರಿ ಆಡಿಸಿದಳು. ಹಾಫ್‌ಟೈಮಲ್ಲಿ ಕೇಳಿದಳು, "ಅದೇನು ಇಲ್ಲ?" ನನ್ನ ಕೊಲಂಬೊ ಗೆಳತಿ ಅವತ್ತು ಇನ್ನೊಂದು ಗೆರೆಯಲ್ಲಿದ್ದಳು. ಅವಳಿಗೆ ಸ್ವಲ್ಪ ತಮಿಳು ಬರುತ್ತೆ. "ಇಲ್ಲೈ! ನೋ ಅಂತ!" ಅಂದಳು, ನನಗಿಂತ ಮುಂಚೆ. ಅವತ್ತಿನಿಂದ ನಮ್ಮ ಗುಂಪಲ್ಲಿ ಆಫ್‌ಸೈಡ್ ಅಲ್ಲ ಅನ್ನೋಕೆ "ಇಲ್ಲ" ಅನ್ನೋದೇ ಮಾತಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆಫ್‌ಸೈಡ್ ಜಾಗದಲ್ಲಿ ನಿಲ್ಲುವುದು ತಪ್ಪಲ್ಲ. ಅಲ್ಲಿಂದ ಆಟಕ್ಕೆ ಕೈ ಹಾಕಿದರೆ, ಅಂದರೆ ಕಾಲು ಹಾಕಿದರೆ, ತಪ್ಪು. ಅದಕ್ಕೇ ನಮಗೆ ಮತ್ತೆ ಮತ್ತೆ ಹೇಳೋದು ಒಂದೇ: ಕಾಯಿ, ನೋಡು, ಆಮೇಲೆ ಎತ್ತು. ಕೇಳೋಕೆ ಸುಲಭ. ಕಾಯೋದು ಒಂದು ಸೆಕೆಂಡ್ ಇರಬಹುದು, ಆದರೆ ಆ ಒಂದು ಸೆಕೆಂಡಲ್ಲಿ ಬೆಂಚು ಕಿರುಚುತ್ತೆ, ಗ್ಯಾಲರಿ ಕಿರುಚುತ್ತೆ, ಡಿಫೆಂಡರ್‌ಗಳು ನಿನ್ನ ಕಡೆಗೇ ಕೈ ತೋರಿಸಿಕೊಂಡು ನಿಲ್ಲುತ್ತಾರೆ. ಬಾವುಟದ ಕೈ ತಾನೇ ಮೇಲೇಳುತ್ತೆ.

ಎರಡನೇ ಪಂದ್ಯದಲ್ಲಿ ಎದ್ದಿತು. ಮುಂದೆ ನಿಂತವಳು ಎರಡು ಹೆಜ್ಜೆ ಆಫ್‌ಸೈಡ್, ಅದರಲ್ಲಿ ಅನುಮಾನ ಇಲ್ಲ. ಆದರೆ ಅವಳು ಚೆಂಡಿನ ಕಡೆ ಹೋಗಲೇ ಇಲ್ಲ. ನಿಂತುಬಿಟ್ಟಳು. ಹಿಂದಿನಿಂದ ಇನ್ನೊಬ್ಬಳು, ಪೂರ್ತಿ ಸರಿಯಾದ ಜಾಗದಿಂದ, ಬಾಣದ ಹಾಗೆ ಓಡಿ ಬಂದಳು. ಅವಳ ಮುಂದೆ ಗೋಲ್‌ಕೀಪರ್ ಒಬ್ಬಳೇ. ಅಷ್ಟು ಹೊತ್ತಿಗೆ ನನ್ನ ಬಾವುಟ ಆಕಾಶದಲ್ಲಿ. ಸೀಟಿ ಬಿತ್ತು. ಓಡಿ ಬಂದವಳು ನಿಂತು ನನ್ನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಪರವಾಗಿರಲಿಲ್ಲ.

ನನಗೆ ಎತ್ತಿದ ತಕ್ಷಣ ಗೊತ್ತಾಗಿತ್ತು. ಇಳಿಸೋ ಹಾಗಿಲ್ಲ. ಮಳೆ ನೀರು ಬಾವುಟದಿಂದ ತೋಳಿನೊಳಕ್ಕೆ ಇಳಿದು ಕಂಕುಳವರೆಗೂ ಬಂತು. ಆ ತಣ್ಣಗಿನದ್ದು ಈಗಲೂ ನೆನಪಿದೆ.

ಮರುದಿನ ಬೆಳಿಗ್ಗೆ ತಿಂಡಿ ಆದಮೇಲೆ ವಿಡಿಯೊ. ಎಲ್ಲರೂ ಕೂತಿರುತ್ತಾರೆ. ಪರದೆ ಮೇಲೆ ನಾನು, ಬಾವುಟ, ನಿಂತವಳು, ಓಡುವವಳು. ನಮ್ಮ ಕೆಲಸ ಅಳೆಯುವ ಅಸೆಸರ್ ಕೂಗಾಡಲಿಲ್ಲ. ಮೂರು ಸಲ ಹಿಂದೆ ಮುಂದೆ ಓಡಿಸಿ, "ಯಾಕೆ?" ಅಂತ ಕೇಳಿದರು.

"ಆತುರ ಆಯ್ತು" ಅಂದೆ.

ಬರೆದುಕೊಂಡರು. ಅಷ್ಟೆ. ನಮ್ಮ ಟೂರ್ನಿಯಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದೋ ವ್ಯವಸ್ಥೆ, ಇರಲಿಲ್ಲ, ತಪ್ಪನ್ನು ಯಂತ್ರ ಆಗಲೇ ತಿದ್ದಿಬಿಡುತ್ತೆ ಅನ್ನೋ ಸಮಾಧಾನ ಇಲ್ಲ. ಆದದ್ದು ಆಯಿತು.

ಪಂದ್ಯ ಇಲ್ಲದ ದಿನ ಹೊರಗೆ ತಿರುಗಾಡುವುದಕ್ಕೂ ಕೇಳಿ ಹೋಗಬೇಕು. ಕಠ್ಮಂಡುವಿನ ದೊಡ್ಡ ಹಬ್ಬ ಇಂದ್ರಜಾತ್ರೆ ಆ ವಾರದಲ್ಲೇ ಬಂದಿತ್ತು. ನಮ್ಮ ವ್ಯಾನು ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು, ಬಸಂತಪುರದ ಕಡೆಗೆ ಜನವೋ ಜನ. ದೇವಿ ಅಂತ ಪೂಜಿಸೋ ಪುಟ್ಟ ಹುಡುಗಿ ಕುಮಾರಿಯ ತೇರು ನೋಡಬೇಕು ಅಂತ ಬಹಳ ಆಸೆ ಇತ್ತು. ವ್ಯಾನಿನ ಕಿಟಕಿಯಿಂದ ಬರೀ ತಲೆಗಳು ಕಂಡವು.

ಇನ್ನು ಹೇಳಬೇಕಾದ್ದು ನಮ್ಮ ದೇಶದ ವಿಷಯ.

ಸ್ವಂತ ದೇಶದ ಪಂದ್ಯ ನಮಗೆ ಕೊಡಲ್ಲ, ಅದು ಸರಿಯೇ. ಆದರೆ ಅದರಿಂದ ಒಂದು ವಿಚಿತ್ರ ಹುಟ್ಟಿಕೊಳ್ಳುತ್ತೆ. ಈ ಟೂರ್ನಿ ಅದಕ್ಕೆ ಮುಂಚೆ ಐದು ಸಲ ನಡೆದಿತ್ತು. 2010ರಲ್ಲಿ ಕಾಕ್ಸ್ ಬಜಾರ್, ಆಮೇಲೆ ಕೊಲಂಬೊ, ಇಸ್ಲಾಮಾಬಾದ್, ಸಿಲಿಗುರಿ, 2019ರಲ್ಲಿ ಬಿರಾಟ್‌ನಗರ. ಐದಕ್ಕೆ ಐದೂ ಗೆದ್ದದ್ದು ಭಾರತ. ಅಂದರೆ ಐದು ಫೈನಲ್‌ನಲ್ಲೂ ಭಾರತ ಇತ್ತು. ಅಂದರೆ ಭಾರತದ ರೆಫರಿಗೆ ಫೈನಲ್ ಸಿಗೋ ಮಾತೇ ಇಲ್ಲ. ನಮ್ಮ ಹುಡುಗಿಯರು ಚೆನ್ನಾಗಿ ಆಡಿದಷ್ಟೂ ನಮಗೆ ಬೇಗ ಕೆಲಸ ಮುಗಿಯುತ್ತೆ.

ಹೀಗಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಲೆಕ್ಕ ಎಲ್ಲರಿಗೂ ಗೊತ್ತಿರುತ್ತೆ.

ಭಾರತ ಪಾಕಿಸ್ತಾನವನ್ನು 3–0 ಸೋಲಿಸಿತು. ಪಾಕಿಸ್ತಾನದ ಹುಡುಗಿಯರು ಎಂಟು ವರ್ಷದ ಮೇಲೆ ಅಂತರರಾಷ್ಟ್ರೀಯ ಮೈದಾನಕ್ಕೆ ಬಂದಿದ್ದರು. ಮಾಲ್ಡೀವ್ಸ್ ಮೇಲೆ ಭಾರತಕ್ಕೆ 9–0. ನಾವು ಮೇಲಿನ ಸಾಲಲ್ಲಿ ಕೂತು ನೋಡಿದೆವು. ಚಪ್ಪಾಳೆ ತಟ್ಟೋ ಹಾಗಿಲ್ಲ. ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ತಂಡದಲ್ಲಿ ಒಬ್ಬಳು ನನಗೆ ಚೆನ್ನಾಗಿ ಗೊತ್ತು, ಬೆಂಗಳೂರಿನ ಎಷ್ಟೋ ಪಂದ್ಯಗಳಲ್ಲಿ ಅವಳಿಗೆ ಬಾವುಟ ಎತ್ತಿದ್ದೇನೆ, ಪಂದ್ಯ ಮುಗಿದ ಮೇಲೆ ಒಟ್ಟಿಗೆ ಟೀ ಕುಡಿದಿದ್ದೇವೆ. ಅಲ್ಲಿ ಮೆಟ್ಟಿಲ ಹತ್ತಿರ ಎದುರಾದಳು. "ಅಕ್ಕಾ" ಅಂತ ಬಾಯಿ ತೆರೆದವಳು ನನ್ನ ಬ್ಯಾಡ್ಜ್ ನೋಡಿ ಮುಚ್ಚಿದಳು. ನಾನು ಹುಬ್ಬು ಎತ್ತಿದೆ, ಅವಳೂ ಎತ್ತಿದಳು. ಅಷ್ಟೇ ಮಾತು.

13ನೇ ತಾರೀಖು ಬಾಂಗ್ಲಾದೇಶ ಭಾರತವನ್ನು 3–0 ಸೋಲಿಸಿತು. ಈ ಟೂರ್ನಿಯಲ್ಲಿ ಭಾರತ ಸೋತದ್ದು ಅದೇ ಮೊದಲ ಸಲ. ನಿಜ ಹೇಳಬೇಕು ಅಂದರೆ ಬಾಂಗ್ಲಾ ಹುಡುಗಿಯರು ಕಣ್ಣಿಗೆ ಹಬ್ಬದ ಹಾಗೆ ಆಡಿದರು. ಪಕ್ಕದಲ್ಲಿ ಕೂತಿದ್ದ ಒಬ್ಬಳು ಮೊಣಕೈಯಲ್ಲಿ ತಿವಿದು, "ಇನ್ನು ನಿಮಗೂ ಚಾನ್ಸ್ ಇದೆ" ಅಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎದ್ದು ನೀರು ತರೋಕೆ ಹೋದೆ. ನಲ್ಲಿ ಹತ್ತಿರ ನಿಂತಾಗ ಗೊತ್ತಾಯಿತು, ಸಿಟ್ಟು ಯಾಕೆ ಅಂತ. ಅವಳು ಹೇಳೋಕೆ ಮುಂಚೆ, ಎರಡನೇ ಗೋಲು ಬಿದ್ದಾಗಲೇ, ನಾನು ಆ ಲೆಕ್ಕ ಹಾಕಿ ಮುಗಿಸಿದ್ದೆ.

16ಕ್ಕೆ ಸೆಮಿಫೈನಲ್. ನೇಪಾಳದ ಎದುರು ಭಾರತ 0–1. ಮನೆಗೆ ಫೋನ್ ಮಾಡಿದರೆ ಮಗಳು ಅಳುತ್ತಿದ್ದಳು. "ಇಂಡಿಯಾ ಸೋತೋಯ್ತು ಅಮ್ಮಾ." ಹೌದು ಪುಟ್ಟಾ ಅಂದೆ. ನಮ್ಮ ಮನೆಯವರು ಫೋನ್ ತಗೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಂದು?" ಅಂದರು. ಅವರೂ ಲೆಕ್ಕ ಹಾಕಿದ್ದರು! ಇಬ್ಬರೂ ನಕ್ಕೆವು. ಹಿಂದೆ ಮಗಳು ಇನ್ನೂ ಅಳುತ್ತಿದ್ದಳು.

ಆ ರಾತ್ರಿ ಬೂಟು ತೊಳೆದೆ. ಒಳಗೆ ಪೇಪರ್ ತುರುಕಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಹೊಸ ಸಾಕ್ಸ್ ಒಂದು ಜೊತೆ ಮುಟ್ಟದೆ ಇಟ್ಟಿದ್ದೆ, ತೆಗೆದು ಮಂಚದ ಮೇಲೆ ಇಟ್ಟೆ. ಕೊಲಂಬೊದವಳು ನೋಡಿದಳು, ಏನೂ ಅನ್ನಲಿಲ್ಲ. ಅವಳೂ ತನ್ನ ಬೂಟು ತೊಳೆದಳು.

ಫೈನಲ್ ಪಟ್ಟಿ ಬಂತು. ನನ್ನ ಹೆಸರಿಲ್ಲ. ಅವಳದ್ದೂ ಇಲ್ಲ. ಆ ಬಾವುಟ ಎತ್ತದೆ ಇದ್ದಿದ್ದರೆ ಇರುತ್ತಿತ್ತಾ? ಕೇಳಲಿಲ್ಲ. ಕೇಳೋ ಪದ್ಧತಿ ಇಲ್ಲ, ಉತ್ತರವೂ ನನಗೆ ಬೇಕಿರಲಿಲ್ಲ.

19ರಂದು ರಂಗಶಾಲೆ ತುಂಬಿ ತುಳುಕುತ್ತಿತ್ತು. ನೇಪಾಳ ಫೈನಲ್‌ಗೆ ಬಂದಿದೆ ಅಂದಮೇಲೆ ಕೇಳಬೇಕಾ? ಮಳೆ ಬಿದ್ದು ಮೈದಾನ ರಾಡಿ. ನಾವಿಬ್ಬರೂ ಒಂದೇ ಪ್ಲಾಸ್ಟಿಕ್ ಹೊದ್ದುಕೊಂಡು ಕೂತೆವು. ಅಭ್ಯಾಸ ಬಲ, ನಾನು ಚೆಂಡು ನೋಡಲೇ ಇಲ್ಲ, ಹತ್ತಿರದ ಗೆರೆಯ ಅಸಿಸ್ಟೆಂಟ್‌ನೇ ನೋಡುತ್ತಿದ್ದೆ. ಅವಳು ಅಡ್ಡ ಹೆಜ್ಜೆ ಹಾಕಿದರೆ ನನ್ನ ಪಾದ ಬೆಂಚಿನ ಕೆಳಗೆ ಅಡ್ಡ ಸರಿಯುತ್ತಿತ್ತು. ಎಂಟು ಗೋಲು ಹೊಡೆದು ಟೂರ್ನಿಯಲ್ಲೆಲ್ಲ ಮೊದಲಿದ್ದ ಬಾಂಗ್ಲಾದ ಸಬೀನಾ ಖಾತೂನ್ ಹತ್ತಿರ ಚೆಂಡು ಹೋದಾಗಲೆಲ್ಲ ಗ್ಯಾಲರಿ ಉಸಿರು ಹಿಡಿಯುತ್ತಿತ್ತು.

ಬಾಂಗ್ಲಾ ಒಂದು ಗೋಲು ಮುಂದಿತ್ತು. ಹಾಫ್‌ಟೈಮಿಗೆ ಮೂರು ನಾಲ್ಕು ನಿಮಿಷ ಇದ್ದಾಗ ಕೃಷ್ಣಾ ರಾಣಿ ಸರ್ಕಾರ್ ಇನ್ನೊಂದು ಹೊಡೆದಳು. ನಮ್ಮ ಸುತ್ತ ಇದ್ದವರೆಲ್ಲ ಎದ್ದು ನಿಂತು ಬಾವುಟದ ಕಡೆ ನೋಡಿದರು. ಎತ್ತಲಿ, ಎತ್ತಲಿ ಅಂತ ಇಡೀ ಸ್ಟೇಡಿಯಂ ಬೇಡಿಕೊಳ್ಳುತ್ತಿತ್ತು. ಬಾವುಟ ಅಲ್ಲಾಡಲಿಲ್ಲ.

"ಇಲ್ಲ" ಅಂದೆ, ನನಗೆ ನಾನೇ.

"ಇಲ್ಲ" ಅಂದಳು ಪಕ್ಕದಲ್ಲಿದ್ದವಳು, ಪ್ಲಾಸ್ಟಿಕ್ ಎಳೆದುಕೊಳ್ಳುತ್ತಾ.